ರಾಜೀನಾಮೆ ಕೊಡುವ ಮೊದಲು ಇದನ್ನೊಮ್ಮೆ ಓದು

ಪ್ರೀತಿಯ ಪುಟ್ಟಿ,

ಕೆಲಸ ಬಿಟ್ಟು ಸ್ವಂತ ಕಂಪನಿ ಶುರು ಮಾಡುತ್ತೇನೆ ಅಂತ ಬರೆದಿದ್ದೀಯ. ಮಾಡು, ಬೇಡ ಅನ್ನುವುದಿಲ್ಲ. ಆದರೆ ಅಮೆರಿಕದಲ್ಲಿ ನೀನು ಎಚ್-1ಬಿ ಮೇಲೆ, ಅಂದರೆ ಕಂಪನಿ ಅರ್ಜಿ ಹಾಕಿ ಕೊಡಿಸುವ ಕೆಲಸದ ವೀಸಾ ಮೇಲೆ ಇದ್ದೀಯ. ರಾಜೀನಾಮೆ ಕೊಟ್ಟರೆ ಅಲ್ಲಿ ಉಳಿಯಲು ಸಿಗುವುದು ಹೆಚ್ಚೆಂದರೆ 60 ದಿನ, ಐ-94 (ಎಲ್ಲಿಯವರೆಗೆ ಅಲ್ಲಿ ಇರಬಹುದು ಅಂತ ಹೇಳುವ ದಾಖಲೆ) ಅದಕ್ಕೂ ಮೊದಲೇ ಮುಗಿದರೆ ಅಷ್ಟೂ ಇಲ್ಲ.

ಯಾವ ನಿಯಮದ ಮೇಲೆ ನಿಂತು ಲೆಕ್ಕ ಹಾಕುತ್ತಿದ್ದೀಯೋ ಅದನ್ನು ಯಾರು, ಎಷ್ಟು ಬೇಗ ಬದಲಾಯಿಸಬಹುದು ಅಂತ ಮೊದಲು ನೋಡು. ವರ್ಷಕ್ಕೆ 65,000 ಎಚ್-1ಬಿ, ಅಲ್ಲಿನ ಮಾಸ್ಟರ್ಸ್ ಮಾಡಿದವರಿಗೆ ಇನ್ನೂ 20,000, ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇ 7ರ ಮಿತಿ, ಇವೆಲ್ಲ ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್ ಮಾಡಿದ ಕಾನೂನು. ಅಷ್ಟು ಸುಲಭವಾಗಿ ಅಲ್ಲಾಡುವುದಿಲ್ಲ, ನಮ್ಮವರ ಗ್ರೀನ್ ಕಾರ್ಡ್ ಕ್ಯೂ ಕರಗದೇ ಇರುವುದಕ್ಕೂ ಅದೇ ಕಾರಣ. ಅಧ್ಯಕ್ಷರ ಘೋಷಣೆ ಹಾಗಲ್ಲ. 2025ರ ಸೆಪ್ಟೆಂಬರ್ 19, ಶುಕ್ರವಾರ ಟ್ರಂಪ್ ಸಹಿ ಹಾಕಿದರು, ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್, ಭಾನುವಾರದಿಂದಲೇ ಜಾರಿ. ಯಾರಿಗೆ ಅನ್ವಯ ಅಂತ ಗೊತ್ತಾಗದೆ ಜನ ರಜೆ ಅರ್ಧಕ್ಕೇ ಬಿಟ್ಟು ವಾಪಸ್ ಓಡಿದರು, ವಿಮಾನದಲ್ಲಿ ಕೂತಿದ್ದ ಕೆಲವರು ಇಳಿದೇ ಬಿಟ್ಟರು. ಈಗಾಗಲೇ ವೀಸಾ ಇರುವವರಿಗೆ ಇದಿಲ್ಲ ಅಂತ ಸರ್ಕಾರ ಬಿಡಿಸಿ ಹೇಳಿದ್ದು ಮಾರನೇ ದಿನ!

ನಿನ್ನ ಗೆಳೆಯರು ಹೇಳಿದ ಎಂಟರ್‌ಪ್ರೆನರ್ ಪೆರೋಲ್, ಅಂದರೆ ಕಂಪನಿ ಕಟ್ಟುವವರಿಗೆ ಅಲ್ಲಿ ತಾತ್ಕಾಲಿಕವಾಗಿ ಇರಲು ಕೊಡುವ ಅನುಮತಿ, ಅದರ ಕತೆಯೂ ಇಂಥದ್ದೇ. 2017ರ ಜನವರಿಯಲ್ಲಿ ಒಬಾಮಾ ಸರ್ಕಾರ ತಂದಿತು, ಮುಂದಿನ ಸರ್ಕಾರ ತಡೆಹಿಡಿಯಿತು, ಕೋರ್ಟ್ ಬಿಡಿಸಿತು, ಕಿತ್ತುಹಾಕುವ ಪ್ರಸ್ತಾಪವೂ ಬಂತು, 2021ರಲ್ಲಿ ಅದನ್ನು ಕೈಬಿಟ್ಟರು. ಅದು ವೀಸಾನೂ ಅಲ್ಲ. ಅದನ್ನೇ ನಂಬಿ ಮನೆ ಖಾಲಿ ಮಾಡಬೇಡ.

2025ರ ಜನವರಿ 17ರಿಂದ ಜಾರಿಯಾದ ನಿಯಮದಲ್ಲಿ, ಅರ್ಧಕ್ಕಿಂತ ಜಾಸ್ತಿ ಪಾಲು ನಿನ್ನದೇ ಆಗಿದ್ದರೂ ನಿನ್ನ ಕಂಪನಿ ನಿನಗೆ ಎಚ್-1ಬಿ ಅರ್ಜಿ ಹಾಕಬಹುದು. ಮೊದಲ ಸಲ 18 ತಿಂಗಳು, ಮೊದಲ ವಿಸ್ತರಣೆಯೂ ಅಷ್ಟೇ. ನನಗೆ ಇದೇ ದಾರಿ ವಾಸಿ ಅನಿಸುತ್ತದೆ. ಆದರೆ ಅರ್ಜಿ ಹಾಕುವ ಮೊದಲೇ ರಾತ್ರಿ ಕೂತು ಸುಮ್ನೆ ಸ್ವಲ್ಪ ಕೋಡ್ ಬರೆಯುತ್ತೇನೆ ಅನ್ನಬೇಡ. ಷೇರು ಇಟ್ಟುಕೊಳ್ಳುವುದು ಬೇರೆ, ಕೆಲಸ ಮಾಡುವುದು ಬೇರೆ, ಸಂಬಳ ತೆಗೆದುಕೊಳ್ಳಲಿಲ್ಲ ಅಂದ ಮಾತ್ರಕ್ಕೆ ಬಚಾವಾಗುವುದಿಲ್ಲ.

ಈಗಿನ ಕಂಪನಿ ನಿನ್ನ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಹಾಕಿದೆ ಅಲ್ವಾ? ಅದು ಮಂಜೂರಾಗಿ 180 ದಿನ ಆಗಲಿ, ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡು ಇರು. ಆಮೇಲೆ ಅವರು ವಾಪಸ್ ತೆಗೆದುಕೊಂಡರೂ ಅದು ರದ್ದಾಗುವುದಿಲ್ಲ, ಆರು ವರ್ಷದ ಮಿತಿ ದಾಟಿ ಎಚ್-1ಬಿ ವಿಸ್ತರಿಸಲು ಅದೇ ಆಧಾರ. ಆ ಮಂಜೂರಾತಿ ಪತ್ರದ ಪ್ರತಿ ನಿನ್ನ ಹತ್ತಿರ ಇರಲಿ. ಕಂಪನಿಯ ವಕೀಲರು ಎಷ್ಟೇ ಒಳ್ಳೆಯವರಾದರೂ ಅವರು ಕಂಪನಿಯವರು, ನೀನು ನಿನ್ನ ದುಡ್ಡಲ್ಲಿ ಬೇರೆಯವರನ್ನು ಹಿಡಿ.

ಇನ್ನೊಂದು, ಪಾಸ್‌ಪೋರ್ಟ್ ಬೇಗ ಮುಗಿಯುವುದಿದ್ದರೆ ಗಡಿಯಲ್ಲಿ ಐ-94 ಕೂಡ ಅದೇ ದಿನಕ್ಕೆ ಕತ್ತರಿಸುತ್ತಾರೆ, ವೀಸಾದಲ್ಲಿ ಏನೇ ಇರಲಿ. ಇವತ್ತೇ ಆನ್‌ಲೈನಲ್ಲಿ ನಿನ್ನದು ತೆಗೆದು ನೋಡಿ ನನಗೆ ತಾರೀಖು ಕಳಿಸು.

ನಿನ್ನ ಚಿಕ್ಕಮ್ಮ