ನಿನ್ನ ಅಮ್ಮನ ಫೈಲು

ಹನುಮಂತನಗರ
ಮಂಗಳವಾರ ರಾತ್ರಿ

ಪುಟ್ಟಿ,

ಈ ಪತ್ರದ ಜೊತೆಗಿರುವ ನೀಲಿ ಫೈಲನ್ನೇ ಭಾನುವಾರ ನೀನು ಕೇಳಿದ್ದು. ರದ್ದಿಯವನಿಗೆ ಹಾಕಿಬಿಟ್ಟೆ ಎಂದು ನಾನು ಹೇಳಿದ್ದು ಸುಳ್ಳು. ಇಪ್ಪತ್ತು ವರ್ಷದಿಂದ ಅದು ಬೀರುವಿನ ಕೆಳಗಿನ ಖಾನೆಯಲ್ಲಿ, ದಸರಾ ಬೊಂಬೆಗಳ ಪೆಟ್ಟಿಗೆಯ ಹಿಂದೆ ಇತ್ತು. ಒಂದು ಕಾಗದವೂ ಕಳೆದಿಲ್ಲ. ತಾರೀಖಿನ ಪ್ರಕಾರ ಜೋಡಿಸಿ, ಪುಟಸಂಖ್ಯೆ ಹಾಕಿ, ಟ್ಯಾಗ್ ಕಟ್ಟಿದ್ದೇನೆ. ಮೂವತ್ತೆರಡು ವರ್ಷ ಲೆಕ್ಕ ತಪಾಸಣೆ ಮಾಡಿದ ಕೈಗೆ ಬೇರೆ ರೀತಿ ಇಡಲು ಬರುವುದಿಲ್ಲ.

ನಿನ್ನ ಗಂಟು ನೋಡಿದ ಡಾಕ್ಟರು ಅಮ್ಮನ ಹಳೆಯ ಕಾಗದಗಳನ್ನು ಕೇಳಿದ್ದು ಸರಿಯಾಗಿಯೇ ಇದೆ. ಬಿಆರ್‌ಸಿಎ ಎಂಬ ವಂಶವಾಹಿಗಳಲ್ಲಿ ದೋಷವಿದ್ದರೆ ಅದು ಮಕ್ಕಳಿಗೂ ಬರಬಹುದು, ತಾಯಿಗೆ ಚಿಕ್ಕ ವಯಸ್ಸಿನಲ್ಲೇ ಸ್ತನದ ಕ್ಯಾನ್ಸರ್ ಬಂದಿದ್ದರೆ ಆ ವಿಚಾರ ಮಗಳ ಡಾಕ್ಟರಿಗೆ ತಿಳಿದಿರಬೇಕು ಎಂದು ಈ ಎರಡು ದಿನದಲ್ಲಿ ಓದಿಕೊಂಡೆ. ಭಾನುವಾರ ಇದು ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು. ಗೊತ್ತಿದ್ದರೂ ನಾನು ಅದೇ ಮಾತು ಆಡುತ್ತಿದ್ದೆ: “ಗುರುವಾರ ರಿಪೋರ್ಟು ಚೆನ್ನಾಗಿಯೇ ಬರುತ್ತದೆ, ಒಳ್ಳೆಯದನ್ನೇ ಯೋಚಿಸು, ಆ ದರಿದ್ರದ ಕಾಗದಗಳನ್ನು ಈಗ ಯಾಕೆ ತೆಗೆಸುತ್ತೀಯ?” ನೀನು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೇಳಿದೆ: “ಹಾಗಾದರೆ ಅಮ್ಮ ಸರಿಯಾಗಿ ಯೋಚಿಸಲಿಲ್ಲವೇನಪ್ಪ?”

ಗೇಟು ಹಾಕಿದ ಶಬ್ದ ಇನ್ನೂ ಕಿವಿಯಲ್ಲಿದೆ.

ಆ ಹದಿನಾಲ್ಕು ತಿಂಗಳ ವಿಷಯ ನಾನು ಬರೆಯುವುದಿಲ್ಲ, ನೀನೂ ಇದ್ದೆ. ನೀನಿಲ್ಲದ ಒಂದು ಬೆಳಿಗ್ಗೆಯದು ಮಾತ್ರ ಹೇಳುತ್ತೇನೆ. ನಿನಗೆ ಅವತ್ತು ಪಿಯು ಪರೀಕ್ಷೆ. ನಾವಿಬ್ಬರೂ ಆಸ್ಪತ್ರೆಯಲ್ಲಿ, ಕೀಮೋ ಕೊಠಡಿಯ ಹೊರಗಿನ ಕಬ್ಬಿಣದ ಬೆಂಚಿನ ಮೇಲೆ. ನಮ್ಮ ಟೋಕನ್ 41, ಒಳಗೆ ಕೂಗುತ್ತಿದ್ದದ್ದು 17. ಅಮ್ಮ ಆ ಚೀಟಿಯನ್ನು ಮಡಿಸುತ್ತಿದ್ದಳು. ಅರ್ಧಕ್ಕೆ, ಕಾಲಿಗೆ, ಅರೆಕಾಲಿಗೆ. ಆಮೇಲೆ ಬಿಚ್ಚಿ ಮಂಡಿಯ ಮೇಲಿಟ್ಟು ಸವರಿ, ಮತ್ತೆ ಮೊದಲಿನಿಂದ. ಬಳೆಗಳು ಆಗಲೇ ಸಡಿಲವಾಗಿದ್ದವು, ಕೈ ಎತ್ತಿದರೆ ಮೊಣಕೈವರೆಗೆ ಜಾರುತ್ತಿದ್ದವು. ನನ್ನ ಕಡೆ ನೋಡದೆ ಹೇಳಿದಳು: “ರೀ, ನಾನು ಉಳಿಯುತ್ತೇನೆ ಅನ್ನಿಸುತ್ತಿಲ್ಲ.”

ನಾನು “ಬಿಡ್ತು ಅನ್ನು” ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಬಿಡ್ತು” ಎಂದಳು. ಆಮೇಲೆ, “ಹೆಪ್ಪು ಹಾಕುವಷ್ಟಾದರೂ ಮೊಸರು ಉಳಿದಿದೆಯಾ ಮನೆಯಲ್ಲಿ?” ಎಂದು ಕೇಳಿದಳು.

ಅಷ್ಟೇ. ಮತ್ತೆಂದೂ ಅವಳು ನನ್ನ ಹತ್ತಿರ ಆ ಮಾತು ಎತ್ತಲಿಲ್ಲ.

ನಾವೆಲ್ಲ ಬೆಳೆದದ್ದೇ ಹಾಗೆ. ನಿನ್ನಜ್ಜಿ ಯಾರನ್ನೂ “ಹೋಗುತ್ತೇನೆ” ಎನ್ನಲು ಬಿಡುತ್ತಿರಲಿಲ್ಲ, “ಹೋಗಿ ಬರುತ್ತೇನೆ” ಎಂದರೇ ಹೊಸಿಲು ದಾಟಬಹುದು. ಸೂರಿನ ಮೇಲೆ ಅಸ್ತು ದೇವತೆಗಳು ಕೂತಿರುತ್ತಾರೆ, ಬಾಯಿಂದ ಕೆಟ್ಟದ್ದು ಬಂದರೆ ಅದಕ್ಕೂ ಅಸ್ತು ಎಂದುಬಿಡುತ್ತಾರೆ. ಈಗಿನವರು ದುಡ್ಡು ತೆಗೆದುಕೊಂಡು ಕಲಿಸುವ ಪಾಸಿಟಿವ್ ಥಿಂಕಿಂಗ್ ನಮ್ಮ ಮನೆಯಲ್ಲಿ ಪುಕ್ಕಟೆಯಾಗಿ ಸಿಗುತ್ತಿತ್ತು. ಆದರೂ ಪುಟ್ಟಿ, ನಾನು ಆ ಮಾತನ್ನು ಗದರಿಸಿ ಹೇಳಲಿಲ್ಲ. ಮೆಲ್ಲಗೆ, ಅವಳ ಕೈ ಮುಟ್ಟಿ ಹೇಳಿದೆ. ಗದರಿದ್ದರೆ ಜಗಳವನ್ನಾದರೂ ಆಡುತ್ತಿದ್ದಳೇನೋ. 41ನೆಯ ನಂಬರು ಬರಲು ಇನ್ನೂ ಎರಡು ಗಂಟೆ ಇತ್ತು. ಎರಡು ಗಂಟೆ! ಏನೇನು ಮಾತನಾಡಬಹುದಿತ್ತು. ನಿನ್ನ ಓದು, ನಿನ್ನ ಮದುವೆ, ಅವಳ ನೋವು, ನನ್ನ ಮುಂಗೋಪ. ನಾವು ಮೊಸರಿನ ಬಗ್ಗೆ, ಗ್ಯಾಸ್ ಸಿಲಿಂಡರಿನ ಬಗ್ಗೆ ಮಾತನಾಡಿದೆವು. ಅವಳು ಚೀಟಿ ಮಡಿಸಿದಳು, ನಾನು ಪೇಪರ್ ಓದಿದೆ. ಯಾವ ಸುದ್ದಿ ಓದಿದೆ ಎಂಬುದು ಕೂಡ ನೆನಪಿಲ್ಲ.

ಅವಳು ಹೋದ ಮೇಲೆ, ಗಾಂಧಿ ಬಜಾರಿನಲ್ಲಿ ಅವಳಿಗೆ ಹೂವು ಕೊಡುತ್ತಿದ್ದ ಹೆಂಗಸು ನನ್ನನ್ನು ನಿಲ್ಲಿಸಿ ಹೇಳಿದಳು: “ಅಮ್ಮನವರು ತುಂಬಾ ಹೆದರಿದ್ದರು ಸ್ವಾಮಿ. ಇಲ್ಲಿ ಕೂತು ಅಳುತ್ತಿದ್ದರು. ಯಜಮಾನರ ಮುಂದೆ ಅಳುವ ಹಾಗಿಲ್ಲ, ಅವರ ಧೈರ್ಯ ಕೆಡುತ್ತದೆ ಎನ್ನುತ್ತಿದ್ದರು.” ಮೊಳಕ್ಕೆ ನಾಲ್ಕು ರೂಪಾಯಿಗಾಗಿ ಚೌಕಾಸಿ ಮಾಡುತ್ತಿದ್ದ ಅವಳ ಹತ್ತಿರ ಹೇಳಿಕೊಂಡದ್ದನ್ನು ಇಪ್ಪತ್ತು ವರ್ಷ ಸಂಸಾರ ಮಾಡಿದ ನನಗೆ ಹೇಳಲಿಲ್ಲ. ಹೇಳಲು ಬಂದಿದ್ದಳಲ್ಲ, ನಾನೇ ಬಾಯಿ ಮುಚ್ಚಿಸಿದೆ. ಈ ವಿಷಯ ನಿನಗೆ ಇದುವರೆಗೆ ಹೇಳಿರಲಿಲ್ಲ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಎರಡು ರಾತ್ರಿ ಮೊಬೈಲಿನಲ್ಲಿ ಕಣ್ಣು ಕೆಂಪಾಗುವವರೆಗೆ ಓದಿದೆ. ತಪಾಸಣೆಯವನಿಗೆ ವೋಚರ್ ಇಲ್ಲದ ಮಾತು ರುಚಿಸುವುದಿಲ್ಲ. ಸ್ಟ್ಯಾನ್‌ಫರ್ಡ್‌ನ ಡೇವಿಡ್ ಸ್ಪೀಗಲ್ ಎಂಬ ಮನೋವೈದ್ಯರು 1989ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ತನದ ಕ್ಯಾನ್ಸರ್ ದೇಹದ ಬೇರೆ ಕಡೆಗೂ ಹರಡಿದ್ದ ಹೆಂಗಸರನ್ನು ವಾರವಾರ ಒಟ್ಟಿಗೆ ಕೂರಿಸಿ ಮಾತನಾಡಿಸಿದಾಗ, ಆ ಗುಂಪಿಗೆ ಸೇರದವರಿಗಿಂತ ಅವರು ಸರಾಸರಿ ಸುಮಾರು ಒಂದೂವರೆ ವರ್ಷ ಹೆಚ್ಚು ಬದುಕಿದ್ದರು. ಓದಿ ನನ್ನ ಎದೆ ಡವಗುಟ್ಟಿತು. ಮುಂದೆ ಓದಿದರೆ, ಅದೇ ಮನುಷ್ಯರು ಹೊಸದಾಗಿ ಇನ್ನಷ್ಟು ಜನರ ಮೇಲೆ ಪರೀಕ್ಷೆ ಮಾಡಿ, ಒಟ್ಟಾರೆ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು 2007ರಲ್ಲಿ ತಾವೇ ಬರೆದಿದ್ದಾರೆ. ತಮ್ಮ ಲೆಕ್ಕಕ್ಕೆ ತಾವೇ ಆಕ್ಷೇಪಣೆ ಹಾಕಿದವರನ್ನು ನನ್ನ ಇಡೀ ಸರ್ವೀಸಿನಲ್ಲಿ ಕಂಡಿರಲಿಲ್ಲ. ಅದೇ ವರ್ಷ ಇನ್ನೊಂದು ತಂಡ ತಲೆ, ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ರೋಗಿಗಳ ಲೆಕ್ಕ ನೋಡಿತು. ಮನಸ್ಸು ಗೆಲುವಾಗಿದ್ದವರು ಹೆಚ್ಚು ದಿನ ಉಳಿಯಲಿಲ್ಲ, ಕುಗ್ಗಿದ್ದವರು ಬೇಗ ಹೋಗಲೂ ಇಲ್ಲ.

ಹೆದರಿದ್ದಕ್ಕೆ ನಿನ್ನಮ್ಮ ಸಾಯಲಿಲ್ಲ. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು ನನಗೆ.

ಹಾಗೆಂದು ಮನಸ್ಸಿನ ಬಲವೆಲ್ಲ ಬೊಗಳೆ ಎಂದು ನೀನು ಹೊರಡಬೇಡ, ನಿನಗೆ ಆ ದುಡುಕು ಇದೆ. 1978ರಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ಒಂದು ಪ್ರಯೋಗ ನಡೆಯಿತು. ಔಷಧವೇ ಇಲ್ಲದ ಇಂಜೆಕ್ಷನ್‌ನಿಂದ ಕೆಲವರ ನೋವು ಇಳಿಯಿತು. ದೇಹದೊಳಗಿನ ಅಫೀಮಿನಂಥ ರಾಸಾಯನಿಕಗಳನ್ನು ತಡೆಯುವ ನ್ಯಾಲೊಕ್ಸೋನ್ ಕೊಟ್ಟಾಗ ಅಂಥವರ ನೋವು ಏರಿತು. ನಂಬಿಕೆಯಿಂದ ಮೈ ತನ್ನ ನೋವಿನ ಔಷಧವನ್ನು ತಾನೇ ಅರೆದುಕೊಳ್ಳುತ್ತದೆ ಎಂದಾಯಿತು. ನೋವಿಗೆ ಆಗುತ್ತದೆ, ನಿದ್ದೆಗೆ, ಊಟಕ್ಕೆ, ತಪ್ಪದೆ ಆಸ್ಪತ್ರೆಗೆ ಹೋಗುವ ಧೈರ್ಯಕ್ಕೆ ಆಗುತ್ತದೆ. ಗೆಡ್ಡೆಗೆ ಅದರ ಮಾತು ಕೇಳಿಸುವುದಿಲ್ಲ. ಆದ್ದರಿಂದ ರಾತ್ರಿ ಹತ್ತಕ್ಕೆ ಮಲಗು, ಲ್ಯಾಪ್‌ಟಾಪ್ ಮುಂದೆ ಊಟ ಮಾಡಬೇಡ, ಬೆಳಿಗ್ಗೆ ಅರ್ಧ ಗಂಟೆ ನಡೆ... ನೋಡು, ಉಪನ್ಯಾಸ ಶುರುವಾಯಿತು. ಹೊಡೆದುಹಾಕುವುದಿಲ್ಲ, ಇರಲಿ, ನಡೆಯುವುದು ಒಳ್ಳೆಯದೇ.

ಇನ್ನೊಂದು ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅಮ್ಮ ಗಂಟು ಸಿಕ್ಕಿತೆಂದು ಹೇಳಿದ್ದು ದಸರೆಗೆ ಮೊದಲು. ಬೊಂಬೆ ಕೂರಿಸುವ ಮನೆ, ಅಪಶಕುನ ಬೇಡ, ಏನೂ ಆಗಿರುವುದಿಲ್ಲ, ಹಬ್ಬ ಮುಗಿಯಲಿ ಎಂದವನು ನಾನೇ. ಮೂರು ವಾರ. ಮೂರು ವಾರದಿಂದ ಏನೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದು ಆಗಿನ ಡಾಕ್ಟರು ಹೇಳಿದರು. ನನ್ನನ್ನು ಸಮಾಧಾನಪಡಿಸಲು ಹೇಳಿದರೋ, ನಿಜವೋ, ಕೇಳುವ ಧೈರ್ಯ ನನಗಾಗಲಿಲ್ಲ.

ನೀನು ಗಂಟು ಕೈಗೆ ಸಿಕ್ಕ ಮಾರನೆಯ ದಿನವೇ, ಯಾರನ್ನೂ ಕೇಳದೆ, ಕಚೇರಿಗೆ ರಜೆ ಹಾಕಿ ಹೋಗಿ ತೋರಿಸಿಕೊಂಡೆ. ಭಾನುವಾರ ನಾನು ಅದನ್ನೇ “ಅತಿ ಗಾಬರಿ” ಎಂದು ಕರೆದೆ. ತಪ್ಪಾಯಿತು, ಪುಟ್ಟಿ. ನಿನ್ನ ಬಗ್ಗೆ ಪಕ್ಕದ ಮನೆಯವರ ಹತ್ತಿರ ಎಷ್ಟು ಕೊಚ್ಚಿಕೊಂಡೆ ಎಂದು ನಿನಗೆ ಗೊತ್ತಿಲ್ಲ, ಗೊತ್ತಾದರೆ ಅದಕ್ಕೂ ಬೈಯುತ್ತೀಯ.

ಗುರುವಾರ ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗದ ಮೆಟ್ರೊ ಹತ್ತಿ ಸಿಲ್ಕ್ ಬೋರ್ಡ್‌ನಲ್ಲಿ ಇಳಿಯುತ್ತೇನೆ, ಒಂಬತ್ತೂವರೆಗೆ. ಬೇಡ ಎಂದರೆ ಮೊದಲೇ ಫೋನ್ ಮಾಡು. ಮಾತನಾಡಬೇಕೆನಿಸಿದರೆ ಏನು ಬೇಕಾದರೂ ಆಡು, ಎಷ್ಟು ಕೆಟ್ಟದ್ದಾದರೂ. ಸುಮ್ಮನಿರಬೇಕೆನಿಸಿದರೆ ನನ್ನ ಚೀಲದಲ್ಲಿ ಪದಬಂಧ ಇರುತ್ತದೆ. ಡಬ್ಬಿಯಲ್ಲಿ ಮೊಸರನ್ನ ತರುತ್ತೇನೆ, ದಾಳಿಂಬೆ ಹಾಕುವುದಿಲ್ಲ.

ಡಾಕ್ಟರು ಕೇಳುವುದು ಹೆಚ್ಚಾಗಿ 8ನೆಯ ಪುಟ, ಬಯಾಪ್ಸಿ ರಿಪೋರ್ಟು. ಮೂಲೆಯಲ್ಲಿ ಕಾಫಿ ಲೋಟದ ಕಲೆಯಿದೆ, ಆದರೆ ಅಕ್ಷರಕ್ಕೆ ತಾಗಿಲ್ಲ. ಎರಡು ಜೆರಾಕ್ಸ್ ಹಿಂದೆ ಇಟ್ಟಿದ್ದೇನೆ, ಅದನ್ನು ಕೊಡು. ಮೂಲ ಪ್ರತಿ ನಮ್ಮ ಹತ್ತಿರವೇ ಇರಲಿ.

ನಿನ್ನ,
ಅಪ್ಪ