52 ಪಾಯಿಂಟ್‌ಗಳಿಂದ ಸೋತು ಬಂದ ಪುಟ್ಟಿಗೆ

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ನಾವಿಬ್ಬರೂ ಕ್ಷೇಮ. ನಿನ್ನ ಸಮಾಚಾರವನ್ನು ನಿನ್ನೆ ರಾತ್ರಿ ನಿನ್ನ ಅಮ್ಮ ಬೆಂಗಳೂರಿನಿಂದ ಫೋನ್ ಮಾಡಿ ತಿಳಿಸಿದಳು. ಮೊನ್ನೆಯ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ನಿಮ್ಮ ಚಿಕ್ಕ ವಿಶ್ವವಿದ್ಯಾಲಯದ ತಂಡ ಒಂದು ದೊಡ್ಡ ವಿಶ್ವವಿದ್ಯಾಲಯದ ತಂಡಕ್ಕೆ 52 ಪಾಯಿಂಟ್‌ಗಳಿಂದ ಸೋತಿತೆಂದೂ, ನಿನಗೆ ಸಿಕ್ಕಿದ ಆರು ನಿಮಿಷಗಳಲ್ಲಿ ನಾಲ್ಕು ಸಲ ಚೆಂಡು ಎದುರಾಳಿಗಳ ಕೈಸೇರಿತೆಂದೂ, ಬಸ್ಸಿನಲ್ಲಿ ದಾರಿಯುದ್ದಕ್ಕೂ ನೀನು ಯಾರೊಡನೆಯೂ ಮಾತಾಡಲಿಲ್ಲವೆಂದೂ ಹೇಳಿದಳು. ‘ಇಂಥ ತಂಡದ ಮುಂದೆ ನಮ್ಮನ್ನು ಯಾಕೆ ನಿಲ್ಲಿಸುತ್ತಾರೆ?’ ಎಂದು ಅವಳನ್ನು ಕೇಳಿದೆಯಂತೆ. ಆ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಕೊಟ್ಟರೆ ನಿನ್ನ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ. ಎರಡು ಸಲ ಓದು.

ಮೊದಲ ಉತ್ತರ ಹಣದ್ದು, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ದೊಡ್ಡ ವಿಶ್ವವಿದ್ಯಾಲಯಗಳು ತಮ್ಮ ಅಂಗಳಕ್ಕೆ ಬಂದು ಆಡುವುದಕ್ಕಾಗಿ ಚಿಕ್ಕ ವಿಶ್ವವಿದ್ಯಾಲಯಗಳಿಗೆ ಒಪ್ಪಂದದ ಹಣ ಕೊಡುತ್ತವೆ. ನಿಮ್ಮ ಪ್ರಯಾಣಕ್ಕೂ ಷೂಗಳಿಗೂ ಅದರಲ್ಲಿ ಒಂದು ಪಾಲು ಒದಗುತ್ತದೆ. ಆದರೆ ಇದಕ್ಕಿಂತ ಮುಖ್ಯವಾದದ್ದು ಈ ಋತುವಿನ ಪಂದ್ಯಗಳನ್ನು ಜೋಡಿಸಿರುವ ರೀತಿ. ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಹೊರಗಿನ ತಂಡಗಳ ಮೇಲೆ ಆಡುತ್ತೀರಿ. ಜನವರಿ, ಫೆಬ್ರುವರಿಯಲ್ಲಿ ನಿಮ್ಮದೇ ಕಾನ್ಫರೆನ್ಸಿನ, ಎಂದರೆ ತಮ್ಮತಮ್ಮಲ್ಲೇ ಆಡುವ ವಿಶ್ವವಿದ್ಯಾಲಯಗಳ ಗುಂಪಿನ, ತಂಡಗಳ ಮೇಲೆ. ಮಾರ್ಚ್ ಮೊದಲಲ್ಲಿ ಕಾನ್ಫರೆನ್ಸಿನ ಪಂದ್ಯಾವಳಿ ನಡೆಯುತ್ತದೆ, ಅದನ್ನು ಗೆದ್ದ ತಂಡಕ್ಕೆ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ತಾನಾಗಿಯೇ ಸ್ಥಾನ ಸಿಗುತ್ತದೆ. ನಿಮ್ಮಂಥ ತಂಡಕ್ಕೆ ಆ ಬಾಗಿಲು ತೆರೆಯುವುದು ಬಹುಮಟ್ಟಿಗೆ ಇದೊಂದೇ ದಾರಿಯಿಂದ. ಅಂದಮೇಲೆ ಮೊನ್ನೆಯ ಸೋಲಿನಿಂದ ಆ ದಾರಿಯೇನೂ ಮುಚ್ಚಿಲ್ಲ. ಆ ಪಂದ್ಯ ನಿಮಗೆ ಮಾರ್ಚ್ ತಿಂಗಳ ಪಾಠವನ್ನು ಡಿಸೆಂಬರ್‌ನಲ್ಲೇ ಹೇಳಿಕೊಟ್ಟಿದೆ.

ನಿನಗೆ ಒಂದು ನಿಜವಾದ ಕಥೆ ಹೇಳಬೇಕು. 2016ರ ಮಾರ್ಚ್‌ನಲ್ಲಿ ಮಿಸಿಸಿಪಿ ಸ್ಟೇಟ್ ತಂಡ ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ಹದಿನಾರರ ಘಟ್ಟದಲ್ಲಿ ನಮ್ಮ ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡದ ಮೇಲೆ ಆಡಿತು. ಫಲಿತಾಂಶ 98–38. ಅರವತ್ತು ಪಾಯಿಂಟ್‌ಗಳ ಅಂತರ, ಪುಟ್ಟಿ. ಅದೂ ಅಷ್ಟು ದೂರ ಗೆದ್ದುಕೊಂಡು ಬಂದ ತಂಡಕ್ಕೆ. ಆ ಪಂದ್ಯ ನೋಡುತ್ತಿದ್ದಾಗ ನಮ್ಮ ತಂಡದ ಗೆಲುವಿನಲ್ಲೂ ನನಗೆ ಸಂತೋಷವಾಗಲಿಲ್ಲ, ಆ ಹುಡುಗಿಯರ ಮುಖಗಳನ್ನು ಕಂಡು ಟಿವಿ ಆರಿಸಿಬಿಟ್ಟೆ. ಮರುವರ್ಷ, 2017ರ ಮಾರ್ಚ್ 31ರಂದು, ಡಲ್ಲಾಸ್‌ನಲ್ಲಿ ಸೆಮಿಫೈನಲ್‌ನಲ್ಲಿ ಅವೇ ಎರಡು ತಂಡಗಳು ಮತ್ತೆ ಎದುರಾದವು. ಅಷ್ಟರಲ್ಲಿ ಕನೆಕ್ಟಿಕಟ್ ಸತತವಾಗಿ 111 ಪಂದ್ಯಗಳನ್ನು ಗೆದ್ದಿತ್ತು. ಹೆಚ್ಚುವರಿ ಸಮಯದ ಕೊನೆಯ ಕ್ಷಣದಲ್ಲಿ ಐದೂವರೆ ಅಡಿಯನ್ನೂ ಮುಟ್ಟದ ಮಿಸಿಸಿಪಿ ಸ್ಟೇಟ್‌ನ ಮಾರ್ಗನ್ ವಿಲಿಯಂ ಬಲಕ್ಕೆ ನುಗ್ಗಿ, ತಟ್ಟನೆ ನಿಂತು, ಎತ್ತರದ ಕೈಗಳ ಮೇಲಿಂದ ಚೆಂಡು ಹಾಕಿದಳು. 66–64. ನಾವು ಸೋತೆವು, ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ, ನಿನ್ನ ದೊಡ್ಡಪ್ಪ ನನ್ನನ್ನೇ ನೋಡುತ್ತಿದ್ದರು. ಎರಡು ದಿನಗಳ ನಂತರ ಫೈನಲ್‌ನಲ್ಲಿ ಆ ಹುಡುಗಿಯರು ಸೌತ್ ಕ್ಯಾರೊಲಿನಾಕ್ಕೆ ಸೋತರು, ಅದೂ ನಿಜ. ಆದರೆ ಅರವತ್ತರಿಂದ ಸೋತವರು ಒಂದೇ ವರ್ಷದಲ್ಲಿ ಎರಡರಿಂದ ಗೆದ್ದರು. ಅದು ಅದೃಷ್ಟವೆಂದು ನಾನು ಒಪ್ಪುವುದಿಲ್ಲ. ಕನೆಕ್ಟಿಕಟ್ ತಂಡ ಎಷ್ಟು ಜೋರಾಗಿ ಓಡುತ್ತದೆ, ಎಲ್ಲಿ ಅಡ್ಡಗಟ್ಟುತ್ತದೆ, ಎಂಥ ತಪ್ಪನ್ನು ಕ್ಷಮಿಸುವುದಿಲ್ಲ ಎಂಬುದು ಅವರ ಮೈಗೇ ತಿಳಿದಿತ್ತು.

ಈಗ ನಿನ್ನ ವಿಷಯ. ಮೊನ್ನೆಯ ಪಂದ್ಯವನ್ನು ನಾನು ಕಂಪ್ಯೂಟರಿನಲ್ಲಿ ನೋಡಿದೆ, ಮರುದಿನ ನಿನ್ನ ಆರು ನಿಮಿಷಗಳನ್ನು ಇನ್ನೊಮ್ಮೆ ನೋಡಿದೆ. ನೀನು ಚೆಂಡು ಕಳೆದುಕೊಂಡ ನಾಲ್ಕು ಸಲಗಳಲ್ಲಿ ಮೂರು ಸಲದ ತಪ್ಪು ಒಂದೇ. ಮಧ್ಯಗೆರೆ ದಾಟಿದ ಕೂಡಲೇ ಅವರ ಇಬ್ಬರು ನಿನ್ನನ್ನು ಪಕ್ಕದ ಗೆರೆಯ ಕಡೆಗೆ ದಬ್ಬಿಕೊಂಡು ಬರುತ್ತಾರೆ; ನೀನು ಗಾಬರಿಯಾಗಿ ಚೆಂಡು ಪುಟಿಸುವುದನ್ನು ನಿಲ್ಲಿಸುತ್ತೀ; ನಿಲ್ಲಿಸಿದ ಮೇಲೆ ಚೆಂಡನ್ನು ಎರಡೂ ಕೈಗಳಿಂದ ತಲೆಯ ಮೇಲಕ್ಕೆ ಎತ್ತುತ್ತೀ. ನಿನಗಿಂತ ಅರ್ಧ ಅಡಿ ಎತ್ತರದ ಹುಡುಗಿಗೆ ಅದು ಕೈಗೆಟಕುವ ಕೊಂಬೆಯ ಮಾವಿನಕಾಯಿಯಷ್ಟು ಸುಲಭ. ಬೆಂಗಳೂರಿನಲ್ಲಿ ನಿನ್ನಷ್ಟು ಎತ್ತರದವರು ಇಲ್ಲದಿದ್ದ ಕಾಲದಲ್ಲಿ ಅಂಟಿದ ಅಭ್ಯಾಸವದು. ಅಲ್ಲಿ ಅದರಿಂದ ನಿನಗೆ ನಷ್ಟವಾಗಲಿಲ್ಲ, ಆದ್ದರಿಂದ ತಪ್ಪೆಂದು ನಿನಗೆ ಯಾರೂ ಹೇಳಲೂ ಇಲ್ಲ. ಚೆಂಡನ್ನು ಸೊಂಟದ ಪಕ್ಕಕ್ಕೆ ತಂದು, ಭುಜವನ್ನು ಅಡ್ಡ ಮಾಡಿ, ಒಂದು ಕಾಲನ್ನು ಊರಿ ತಿರುಗುವುದನ್ನು ದಿನವೂ ಐವತ್ತು ಸಲ ಮಾಡು. ಎರಡನೆಯವಳು ಹೊರಟ ಕ್ಷಣದಲ್ಲೇ ಪಾಸ್ ಕೊಡುವುದನ್ನು ಕಲಿ, ಅವಳು ಬಂದು ತಲುಪಿದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ. ನಾಲ್ಕನೆಯ ಸಲ ನೀನು ಕೊಟ್ಟ ಪಾಸ್ ಸರಿಯಾಗಿಯೇ ಇತ್ತು, ಹಿಡಿಯಬೇಕಾದವಳು ನೋಡುತ್ತಿರಲಿಲ್ಲ. ಅದನ್ನು ಅವಳಿಗೆ ಎತ್ತಿ ಆಡಬೇಡ.

ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊ. ಪ್ರತಿ ಪಂದ್ಯದ ಮರುದಿನ, ಎದುರಾಳಿ ತಂಡದ ಹೆಸರಿನ ಕೆಳಗೆ, ಅವರು ನಿಮ್ಮಿಂದ ಏನನ್ನು ಕಸಿದುಕೊಂಡರು, ನಿನ್ನೆದುರು ಆಡಿದವಳು ಯಾವ ಕೈಯವಳು, ದಣಿದಾಗ ಏನು ಮಾಡುತ್ತಾಳೆ ಎಂಬುದನ್ನು ಕನ್ನಡದಲ್ಲೇ ಬರೆ. ಕಾನ್ಫರೆನ್ಸ್ ಶುರುವಾದ ಮೇಲೆ ಇದರ ಬೆಲೆ ನಿನಗೆ ಗೊತ್ತಾಗುತ್ತದೆ, ಏಕೆಂದರೆ ಹಲವು ತಂಡಗಳನ್ನು ನೀವು ಎರಡು ಸಲ ಎದುರಿಸುತ್ತೀರಿ, ಒಮ್ಮೆ ನಿಮ್ಮ ಅಂಗಳದಲ್ಲಿ, ಒಮ್ಮೆ ಅವರದರಲ್ಲಿ. ಎರಡನೆಯ ಸಲ ಅವರಿಗೂ ನೀವು ಗೊತ್ತು. ಆಗ ಗುಟ್ಟುಗಳು ಉಳಿದಿರುವುದಿಲ್ಲ, ತಿದ್ದಿಕೊಂಡವರು ಯಾರು ಎಂಬುದೊಂದೇ ಉಳಿದಿರುತ್ತದೆ.

2024–25ರ ಋತುವಿನಲ್ಲಿ ಚಾಂಪಿಯನ್ ಆದ ಕನೆಕ್ಟಿಕಟ್‌ನ ಪಂದ್ಯಗಳ ಪಟ್ಟಿಯನ್ನು ತೆಗೆದು ನೋಡು. 37 ಗೆಲುವು, ಮೂರು ಸೋಲು. ತನ್ನ ಕಾನ್ಫರೆನ್ಸಿನಲ್ಲಿ ಅದು ಒಂದು ಪಂದ್ಯವನ್ನೂ ಸೋಲಲಿಲ್ಲ; ಸೋತದ್ದು ನೋಟರ್ ಡೇಮ್‌ಗೆ, ಸದರ್ನ್ ಕ್ಯಾಲಿಫೋರ್ನಿಯಾಕ್ಕೆ, ಟೆನೆಸಿಗೆ. ಆ ಮೂರೂ ಪಂದ್ಯಗಳು ಕಾನ್ಫರೆನ್ಸಿನ ಹೊರಗಿನವು, ಕೋಚ್ ತಾವಾಗಿಯೇ ಒಪ್ಪಿಕೊಂಡವು. ಡಿಸೆಂಬರ್‌ನಲ್ಲಿ ಹಾರ್ಟ್‌ಫರ್ಡ್‌ನಲ್ಲಿ 72–70ರಿಂದ ತಮ್ಮನ್ನು ಸೋಲಿಸಿದ ಸದರ್ನ್ ಕ್ಯಾಲಿಫೋರ್ನಿಯಾವನ್ನೇ ಮಾರ್ಚ್ ಕೊನೆಯಲ್ಲಿ 78–64ರಿಂದ ಮಣಿಸಿ ಅವರು ಮುಂದೆ ಹೋದರು. ಅಷ್ಟರಲ್ಲಿ ಆ ತಂಡದ ಮುಖ್ಯ ಆಟಗಾರ್ತಿ ಜೂಜೂ ವಾಟ್ಕಿನ್ಸ್ ಮೊಣಕಾಲಿಗೆ ಪೆಟ್ಟಾಗಿ ಹೊರಗಿದ್ದಳು, ಅದನ್ನು ಹೇಳದೆ ಬಿಟ್ಟರೆ ನ್ಯಾಯವಾಗುವುದಿಲ್ಲ.

ಮೊಣಕಾಲಿನ ಮಾತು ಬಂದದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಮೊಣಕಾಲಿನ ಒಳಗಿನ ಎಸಿಎಲ್ ಎಂಬ ಆ ಒಂದು ನಾರು ಹರಿಯುವುದು ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಹೆಚ್ಚು. ಕನೆಕ್ಟಿಕಟ್ ತಂಡದ ಪೇಜ್ ಬ್ಯೂಕರ್ಸ್ ಇದರಿಂದಲೇ ಒಂದು ಇಡೀ ಋತುವನ್ನು ಕಳೆದುಕೊಂಡಳು. ಟ್ರೈನರ್ ಹೇಳಿಕೊಡುವ ಹಾರಿ ಇಳಿಯುವ ವ್ಯಾಯಾಮ ಬೇಸರದ್ದೆಂದು ನೀನು ಹೇಳಿದ್ದು ನೆನಪಿದೆ. ಬೇಸರವಾದರೂ ಮಾಡು. ನೋವಿದ್ದರೆ ಬೆಂಚಿನಲ್ಲಿ ಕೂರಬೇಕಾದೀತೆಂದು ಮುಚ್ಚಿಡಬೇಡ, ನನ್ನಾಣೆ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 1979ರಲ್ಲಿ ಮೈಸೂರಿನಲ್ಲಿ ನಾವು ಆಡುತ್ತಿದ್ದದ್ದು ಮಣ್ಣಿನ ಅಂಗಳದಲ್ಲಿ. ಬೆಳಿಗ್ಗೆ ಸುಣ್ಣದ ಪುಡಿಯಿಂದ ನಾವೇ ಗೆರೆ ಎಳೆಯುತ್ತಿದ್ದೆವು, ಸಂಜೆಯ ಹೊತ್ತಿಗೆ ಅದು ನಮ್ಮ ಕ್ಯಾನ್ವಾಸ್ ಷೂಗಳ ಮೇಲೆ ಇರುತ್ತಿತ್ತು. ವರ್ಷಕ್ಕೆ ನಮಗೆ ಸಿಗುತ್ತಿದ್ದದ್ದು ಮೂರು ಪಂದ್ಯ. ಕೊನೆಯ ವರ್ಷ ಧಾರವಾಡಕ್ಕೆ ಹೋಗಬೇಕಿತ್ತು. ಹುಡುಗಿಯರ ರೈಲು ಖರ್ಚಿಗೆ ಹಣವಿಲ್ಲವೆಂದು ಕಾಲೇಜಿನವರು ಹೊರಡುವ ಹಿಂದಿನ ದಿನ ತಿಳಿಸಿದರು. ಕಟ್ಟಿಟ್ಟ ಚೀಲವನ್ನು ಬಿಚ್ಚಿದ್ದು ಇವತ್ತಿಗೂ ನೆನಪಿದೆ. 52 ಪಾಯಿಂಟ್‌ಗಳಿಂದ ಸೋಲುವ ಅವಕಾಶವೂ ನಮಗೆ ಸಿಗಲಿಲ್ಲ. ಈ ದೇಶದಲ್ಲೂ ಅದು ತಾನಾಗಿ ಬಂದದ್ದಲ್ಲ: ವಿದ್ಯಾಸಂಸ್ಥೆಗಳಲ್ಲಿ ಹೆಣ್ಣುಗಂಡೆಂಬ ಭೇದ ಕೂಡದೆಂಬ ಕಾನೂನು 1972ರಲ್ಲಿ ಬಂತು, ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ನಡೆಸುವ ಮಹಿಳೆಯರ ಮೊದಲ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ 1982ರಲ್ಲಿ ನಡೆಯಿತು. 2021ರಲ್ಲಿ ಕೂಡ ಇಂಡಿಯಾನಾಪೊಲಿಸ್‌ನಲ್ಲಿ ಗಂಡಸರಿಗೆ ದೊಡ್ಡ ವ್ಯಾಯಾಮಶಾಲೆಯನ್ನೂ ಸ್ಯಾನ್ ಆಂಟೋನಿಯೊದಲ್ಲಿ ಹೆಂಗಸರಿಗೆ ಡಂಬೆಲ್‌ಗಳ ಒಂದೇ ಒಂದು ಚಿಕ್ಕ ಸ್ಟ್ಯಾಂಡನ್ನೂ ಕೊಟ್ಟಿದ್ದನ್ನು ಆಟಗಾರ್ತಿ ಸೆಡೋನಾ ಪ್ರಿನ್ಸ್ ವಿಡಿಯೊ ಮಾಡಿ ತೋರಿಸಬೇಕಾಯಿತು. ಮೂರು ವರ್ಷ ಕಳೆದ ಮೇಲೆ, ಸೌತ್ ಕ್ಯಾರೊಲಿನಾ ಮತ್ತು ಅಯೋವಾ ನಡುವಿನ ಫೈನಲ್ ಅನ್ನು ನೋಡಿದವರು ಆ ವರ್ಷದ ಗಂಡಸರ ಫೈನಲ್ ನೋಡಿದವರಿಗಿಂತ ಹೆಚ್ಚು.

2017ರಲ್ಲಿ ನಿನ್ನ ಅಮ್ಮ ನಿನ್ನನ್ನು ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋಗಿದ್ದು ನೆನಪಿದೆಯೇ? ಮಹಿಳೆಯರ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಜಾಕಿಸ್ತಾನವನ್ನು 75–73ರಿಂದ ಗೆದ್ದಾಗ ನಿನಗೆ ಹತ್ತು ವರ್ಷ. ಅಂದು ರಾತ್ರಿ ಫೋನಿನಲ್ಲಿ ನನಗೆ ಆ ಕೊನೆಯ ನಿಮಿಷವನ್ನು ಉಸಿರು ಬಿಡದೆ ಹೇಳಿದ್ದೆ. ಅದಾದ ಎರಡು ವರ್ಷಕ್ಕೆ ನಮ್ಮ ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಆಡಲು ಹೊರಟಾಗ ಪತ್ರಿಕೆಯಲ್ಲಿ ಬಂದ ಅವಳ ಚಿತ್ರವನ್ನು ಕತ್ತರಿಸಿ ಗೋಡೆಗೆ ಅಂಟಿಸಿದವಳೂ ನೀನೇ.

ಫೆಬ್ರುವರಿಯಲ್ಲಿ ನಿಮ್ಮ ಊರಿನಲ್ಲಿ ನಡೆಯುವ ಕಾನ್ಫರೆನ್ಸ್ ಪಂದ್ಯಕ್ಕೆ ನಾನೂ ದೊಡ್ಡಪ್ಪನೂ ಕಾರಿನಲ್ಲಿ ಬರುತ್ತಿದ್ದೇವೆ. ಟಿಕೆಟ್ ಕೊಂಡಾಗಿದೆ, ನಿಮ್ಮ ಬೆಂಚಿನ ಹಿಂದೆ ಮೂರನೆಯ ಸಾಲು. ನೀನು ಆಡಿದರೂ ಕುಳಿತಿದ್ದರೂ ನಾನು ಅಲ್ಲಿರುತ್ತೇನೆ. ಕೋಡುಬಳೆಯನ್ನೂ ಚಟ್ನಿಪುಡಿಯನ್ನೂ ತರುತ್ತೇನೆ, ನಿನ್ನ ರೂಮಿನ ಹುಡುಗಿಗೂ ಆಗುವಷ್ಟು. ಆ ನೋಟ್‌ಬುಕ್ ಅನ್ನು ತೆಗೆದಿಡು, ಊಟವಾದ ಮೇಲೆ ಇಬ್ಬರೂ ಕೂತು ಓದೋಣ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ