ಅಪ್ಪನ ಎಪ್ಪತ್ತು, ಎರಡು ದಿನಕ್ಕೆ ಏಳು ಊರು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಪಟ್ಟಿ ಓದಿದೆ. ಮೇ 9ರ ಶನಿವಾರ ರಾತ್ರಿ ಬೆಂಗಳೂರಿನಿಂದ ರೈಲು. ಭಾನುವಾರ ಬೆಳಗ್ಗೆ ಸಾಗರದಲ್ಲಿ ಇಳಿದು ನೇರ ಛತ್ರಕ್ಕೆ, ಅಪ್ಪನಿಗೆ ಎಪ್ಪತ್ತಾದದ್ದಕ್ಕೆ ಮಾಡುವ ಭೀಮರಥ ಶಾಂತಿ. ಸೋಮವಾರ ಜೋಗ, ಸಿಗಂದೂರು, ಕೊಲ್ಲೂರು, ರಾತ್ರಿ ಮುರುಡೇಶ್ವರ. ಮಂಗಳವಾರ ಗೋಕರ್ಣ, ಯಾಣ, ಶಿರಸಿ, ರಾತ್ರಿ ವಾಪಸ್. ಒಟ್ಟು ಹದಿನಾಲ್ಕು ಜನ. ಫೋನಿನಲ್ಲಿ ಹೇಳಿದರೆ ‘ಹೂಂ ಹೂಂ’ ಅಂದು ಮರೆತುಬಿಡುತ್ತೀಯ, ಅದಕ್ಕೆ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಇಲ್ಲಿ ಹಾಕುತ್ತಿರುವುದಕ್ಕೂ ಕಾರಣ ಇದೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಮದುವೆ, ಮುಂಜಿ, ಗೃಹಪ್ರವೇಶ ಎಲ್ಲ ಅದಕ್ಕೆ ಮೊದಲೇ ಆಗಲಿ ಅಂತ ಜನ ಮೇ ಮೊದಲೆರಡು ವಾರಕ್ಕೆ ಮುಗಿಬೀಳುತ್ತಾರೆ. ಪುರೋಹಿತರು, ಅಡುಗೆ ಭಟ್ಟರು, ಟಿಟಿ (ಟೆಂಪೋ ಟ್ರಾವೆಲರ್) ಗಾಡಿ ಎಲ್ಲಕ್ಕೂ ಒಂದೇ ಹೊತ್ತಿಗೆ ಬೇಡಿಕೆ. ನಿನ್ನ ಹಾಗೇ ಲೆಕ್ಕ ಹಾಕುತ್ತಾ ಕೂತ ಮನೆಗಳು ಬಹಳ ಇವೆ.

ಮೊದಲು ರೈಲು. ಶನಿವಾರ ಬೇಡ, ಮೇ 8ರ ಶುಕ್ರವಾರ ರಾತ್ರಿಯೇ ಹೊರಡಿ. ರಾತ್ರಿಯಿಡೀ ರೈಲಿನಲ್ಲಿ ಹೊರಳಾಡಿದ ಎಪ್ಪತ್ತರ ಮನುಷ್ಯನನ್ನು ಬೆಳಗ್ಗೆ ಇಳಿದ ತಕ್ಷಣ ಸಂಕಲ್ಪಕ್ಕೆ ಕೂರಿಸಬೇಡ. ರೈಲು ಒಂದೂವರೆ ಗಂಟೆ ತಡವಾದರೆ ಸಾಕು, ಪುರೋಹಿತರು ಗಡಿಯಾರ ನೋಡುತ್ತಾರೆ, ನಿನ್ನ ಅಕ್ಕ ಅಳುತ್ತಾಳೆ. ಶನಿವಾರ ಪೂರ್ತಿ ವಿಶ್ರಾಂತಿಗೆ ಇರಲಿ.

ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಮೊದಲು 120 ದಿನ ಇತ್ತು, 2024ರ ನವೆಂಬರ್ 1ರಿಂದ ಇಳಿಸಿದರು. ಮೇ 8ರ ಪ್ರಯಾಣಕ್ಕೆ ಅದು ಮಾರ್ಚ್ 9, ಸೋಮವಾರ, ಬೆಳಗ್ಗೆ 8 ಗಂಟೆ. ಮೈಸೂರು–ತಾಳಗುಪ್ಪ ರಾತ್ರಿ ರೈಲು ನೋಡು. ಊರಿನ ಹೆಸರು ಅಲ್ಲಿ ‘ಸಾಗರ್ ಜಂಬಗಾರು’ ಅಂತ ಇರುತ್ತದೆ. ಒಂದು ಟಿಕೆಟ್ಟಿಗೆ ಆರು ಜನ ಅಂತ ಅಪ್ಪ ಅಮ್ಮನನ್ನೂ ಸೇರಿಸಿ ಆರು ಮಾಡಬೇಡ. ಹಿರಿಯರಿಗೆ ಕೆಳಗಿನ ಬರ್ತ್ ಮೀಸಲು ಇದೆ (ಗಂಡಸರಿಗೆ 60, ಹೆಂಗಸರಿಗೆ 45 ದಾಟಿರಬೇಕು). ಆದರೆ ಆ ಟಿಕೆಟ್ಟಿನಲ್ಲಿ ಅಂಥವರು ಒಬ್ಬರೋ ಇಬ್ಬರೋ ಮಾತ್ರ ಇದ್ದರೆ ಅದು ಸಿಗುವುದು. ಮೂರನೆಯವರ ಹೆಸರು ಸೇರಿತೋ, ಆ ಕೋಟಾ ಹೋಯಿತು, ಅಮ್ಮನಿಗೆ ಮೇಲಿನ ಬರ್ತ್ ಬರಬಹುದು. ಅವರಿಬ್ಬರಿಗೆ ಬೇರೆ ಟಿಕೆಟ್, ಉಳಿದ ಹನ್ನೆರಡು ಜನಕ್ಕೆ ಆರಾರರ ಎರಡು. ಕೋಟಾ ಟಿಕೆಟ್ಟು ಬೇರೆ ಬೋಗಿಗೆ ಬೀಳಬಹುದು. ಹಾಗಾದರೆ ಹುಡುಗರಲ್ಲಿ ಒಬ್ಬ ಆ ಬೋಗಿಯವರ ಹತ್ತಿರ ಮಾತಾಡಿ ಬರ್ತ್ ಬದಲಾಯಿಸಿಕೊಂಡು ಅವರ ಹತ್ತಿರ ಮಲಗಲಿ. ತಂಗಿಯ ಮಗುವಿಗೆ ಐದು ತುಂಬಿದ್ದರೆ, ಬರ್ತ್ ಬೇಕೆಂದರೆ ಪೂರ್ತಿ ಹಣ. ವೇಟಿಂಗ್ ಲಿಸ್ಟ್ ಟಿಕೆಟ್ಟನ್ನು ನಂಬಿ ಕೂರಬೇಡ. ಚಾರ್ಟ್ ಆದ ಮೇಲೂ ಎಲ್ಲರದೂ ವೇಟಿಂಗಿನಲ್ಲೇ ಉಳಿದರೆ ಇ-ಟಿಕೆಟ್ ತಾನಾಗಿ ರದ್ದಾಗುತ್ತದೆ. ಬೆಳಗ್ಗೆ ಆನಂದಪುರ ಬಂದ ಕೂಡಲೇ ಎಲ್ಲರನ್ನೂ ಎಬ್ಬಿಸು, ಚೀಲಗಳು ಬಾಗಿಲ ಹತ್ತಿರ ಬರಲಿ. ಸಾಗರದಲ್ಲಿ ಗಾಡಿ ನಿಲ್ಲುವುದು ಸ್ವಲ್ಪ ಹೊತ್ತು.

ಇನ್ನು ಶಾಂತಿಯ ದಿನ. ಅಪ್ಪನಿಗೆ ಸಕ್ಕರೆ ಇದೆಯಲ್ಲ, ನನಗೆ ಅದೇ ಚಿಂತೆ. ಹೋಮ, ಅಭಿಷೇಕ, ಆಶೀರ್ವಾದ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಒಂದಾಗುತ್ತದೆ. ಗ್ಲಿಮೆಪಿರೈಡ್ ಜಾತಿಯ ಮಾತ್ರೆ ನುಂಗಿ ಅಲ್ಲಿಯವರೆಗೆ ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ಕುಸಿಯುತ್ತದೆ: ಬೆವರು, ಕೈನಡುಕ, ಮಾತು ತಡವರಿಸುವುದು. ಹೋಮದ ಹೊಗೆ, ಮೇ ತಿಂಗಳ ಸೆಕೆ, ಬರಿಮೈ. ಬೆವರಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಹಾಗಾಗಿ ಎರಡು ಕೆಲಸ ಮೊದಲೇ ಆಗಬೇಕು. ಆ ದಿನದ ಮಾತ್ರೆ ಯಾವಾಗ, ಎಷ್ಟು ಅಂತ ಅವರ ಡಾಕ್ಟರನ್ನು ಕೇಳು. ಮಧ್ಯೆ ಹಾಲು, ಹಣ್ಣು ಕೊಡಬಹುದೇ ಅಂತ ಪುರೋಹಿತರನ್ನು ಕೇಳು. ವಯಸ್ಸಾದವರಿಗೆ, ಕಾಯಿಲೆ ಇದ್ದವರಿಗೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಗ್ಲೂಕೋಮೀಟರ್ ನಿನ್ನ ಜೇಬಿನಲ್ಲೇ ಇರಲಿ. 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡು. ಮಂಪರಿನಲ್ಲಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದುಕೊಂಡು ಹೋಗು.

ಮಣೆಯ ಮೇಲೆ ಮೂರು ಗಂಟೆ ಕೂತರೆ ಅಮ್ಮನ ಮಂಡಿ ಏಳಲು ಬಿಡುವುದಿಲ್ಲ. ಗಿಡ್ಡ ಸ್ಟೂಲಿಗೆ ಮಡಿಪಂಚೆ ಹಾಸಿದರೆ ಆಯಿತು, ಇದನ್ನೂ ಮೊದಲೇ ಮಾತಾಡು. ಕಲಶದ ನೀರು ಸುರಿದ ಮೇಲೆ ಆ ನೆಲ ನೋಡು: ಗ್ರಾನೈಟು, ಅದರ ಮೇಲೆ ನೀರು, ತುಪ್ಪದ ಹನಿ, ಒದ್ದೆ ಪಂಚೆ, ಒದ್ದೆ ಸೀರೆ. ಹಿರಿಯರು ಬೀಳುವುದು ಇಲ್ಲೇ, ಫೋಟೋಗೆ ಎದ್ದು ನಿಲ್ಲಿ ಅಂದಾಗ. ಅಭಿಷೇಕದ ಜಾಗದಿಂದ ಬಟ್ಟೆ ಬದಲಿಸುವ ಕೋಣೆಯವರೆಗೆ ತೊಳೆದ ಗೋಣಿಚೀಲ ಹಾಸಿಸು. ಇಬ್ಬರ ಎರಡೂ ಕಡೆ ಒಬ್ಬೊಬ್ಬರು ನಿಲ್ಲಲಿ. ಫೋಟೋ ಒಣಬಟ್ಟೆ ಉಟ್ಟ ಮೇಲೆ.

ಊಟ ಒಂದು ಗಂಟೆಗೆ ಶುರುವಾಗಲೇಬೇಕು ಅಂತ ಹಟ ಹಿಡಿ. ಆ ವಾರ ಭರಣಿ ಮುಗಿದು ಕೃತ್ತಿಕೆ ಹುಟ್ಟುವ ಹೊತ್ತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ, ನಿಜ, ಆದರೆ ಶಾಮಿಯಾನದಡಿ ಎರಡನೇ ಪಂಕ್ತಿ ಕೂತಿರುವಾಗ ಆ ಗುಡುಗುಮಳೆ ಬೇಡ. ಬರುವುದು ಹೆಚ್ಚಾಗಿ ಮಧ್ಯಾಹ್ನ ಮೂರರ ಮೇಲೆ, ಗಾಳಿ ಮೊದಲು, ಅದರ ಜೊತೆಗೇ ಕರೆಂಟು ಹೋಗುತ್ತದೆ. ಕರೆಂಟು ಹೋದರೆ ಪಂಪು ನಿಂತಿತು, ಮಿಕ್ಸಿ ನಿಂತಿತು. ಮೇ ತಿಂಗಳಲ್ಲಿ ಬಾವಿ ಬೇರೆ ತಳ ಕಂಡಿರುತ್ತದೆ. ಛತ್ರದವರು ‘ನೀರಿದೆ’ ಅಂದರೆ ಸಾಲದು, ಟ್ಯಾಂಕು ಎಷ್ಟು ಲೀಟರಿನದು, ಹಿಂದಿನ ದಿನ ಬೇರೆ ಸಮಾರಂಭ ಇದೆಯೇ ಅಂತ ಕೇಳು. 150 ಜನಕ್ಕೆ ಕುಡಿಯಲು 20 ಲೀಟರಿನ ಕ್ಯಾನು ಹದಿನೈದು ಬೇಕು. ಕೈತೊಳೆಯಲು, ಪಾತ್ರೆಗೆ ಬೇರೆ.

ಅಕ್ಕಿ ತಲೆಗೆ 100 ಗ್ರಾಂ, 150 ಜನಕ್ಕೆ 15 ಕೆಜಿ. ಹೋಳಿಗೆ, ಚಿತ್ರಾನ್ನ ಎರಡೂ ಇದ್ದರೆ ಬಿಳಿ ಅನ್ನಕ್ಕೆ 12 ಕೆಜಿ ಸಾಕು. ಬಾಳೆಎಲೆ 200 ತರಿಸು, ಹರಿದವು ಇರುತ್ತವೆ. ಕೋಸಂಬರಿಗೆ ಉಪ್ಪು ಬಡಿಸುವ ಹೊತ್ತಿಗೆ ಬೀಳಲಿ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಎಲೆಯ ತುಂಬ ಹರಿಯುತ್ತದೆ. ಮಾವಿನಹಣ್ಣಿನ ರಸಾಯನಕ್ಕೆ ಕಾಯಿಹಾಲು ಹಿಂಡುವುದು ಹನ್ನೆರಡರ ಮೇಲೆಯೇ. ಬೆಳಗ್ಗೆಯೇ ಹಿಂಡಿಟ್ಟರೆ ಆ ಸೆಕೆಗೆ ಊಟದ ಹೊತ್ತಿಗೆ ಹುಳಿ ವಾಸನೆ ಹೊಡೆಯುತ್ತದೆ. ಶ್ಯಾವಿಗೆ ಪಾಯಸ ನಿಂತಂತೆ ಗಟ್ಟಿಯಾಗುತ್ತದೆ, ಸಡಿಲಿಸಲು ಐದು ಲೀಟರ್ ಬಿಸಿಹಾಲು ತೆಗೆದಿಡಲು ಹೇಳು. ತಿಂಡಿಯ ಚಟ್ನಿ ಎರಡು ಸಲ ರುಬ್ಬಿಸು. ಏಳು ಗಂಟೆಯ ಚಟ್ನಿ ಹತ್ತು ಗಂಟೆಗೆ ಬಂದವರ ಹೊಟ್ಟೆ ಕೆಡಿಸುತ್ತದೆ.

ಈಗ ಸೋಮವಾರ, ಮಂಗಳವಾರ. ಮೇನಲ್ಲಿ ಜೋಗ ನೋಡಲು ಹೋದವರಿಗೆ ಕಾಣುವುದು 253 ಮೀಟರ್ ಎತ್ತರದ ಬಂಡೆ, ಅದರ ಮೇಲೆ ಒಂದೆರಡು ಎಳೆ ನೀರು. 1964ರಲ್ಲಿ ಲಿಂಗನಮಕ್ಕಿ ಆದ ಮೇಲೆ ಶರಾವತಿ ಬೇಸಿಗೆಯಲ್ಲಿ ಅಣೆಕಟ್ಟಿನ ಹಿಂದೆಯೇ ಉಳಿಯುತ್ತದೆ. ಮಕ್ಕಳಿಗೆ ತೋರಿಸುವುದಾದರೆ ಆಗಸ್ಟಿನಲ್ಲಿ ಕರೆದುಕೊಂಡು ಬಾ. ಕೊಲ್ಲೂರಿಗೆ ಘಾಟಿ ಇಳಿದು, ಕರಾವಳಿಯ ಸೆಕೆಯಲ್ಲಿ ಮುರುಡೇಶ್ವರ, ಮರುದಿನ ಯಾಣದ ನಡಿಗೆ, ಮತ್ತೆ ಘಾಟಿ ಹತ್ತಿ ಶಿರಸಿ. ಇದನ್ನು ಇಪ್ಪತ್ತೈದರ ಹುಡುಗರು ಮಾಡಲಿ.

ಟಿಟಿ 17 ಸೀಟಿನದು ಗೊತ್ತು ಮಾಡು, ಹಿಂದಿನ ಸಾಲು ಚೀಲಗಳಿಗೆ ಹೋಗುತ್ತದೆ. ಆ ಸಾಲು ಹಿಂದಿನ ಗಾಲಿಯಿಂದಾಚೆಗೆ ಇರುವುದರಿಂದ ಕುಲುಕಾಟ ಅಲ್ಲೇ ಹೆಚ್ಚು, ವಾಂತಿ ಆಗುವ ಮಕ್ಕಳನ್ನು ಅಲ್ಲಿ ಕೂರಿಸಬೇಡ. ಬಾಡಿಗೆಯ ಕಿಲೋಮೀಟರು ಎಲ್ಲಿಂದ ಎಲ್ಲಿಗೆ ಎಣಿಸುತ್ತಾರೆ, ಶೆಡ್ಡಿನಿಂದ ಶೆಡ್ಡಿಗೋ ನೀವು ಹತ್ತಿದಲ್ಲಿಂದಲೋ, ಮೊದಲೇ ಬರೆಸಿಕೋ. ಮೆಟ್ಟಿಲು ಎತ್ತರ, ಒಂದು ಗಟ್ಟಿ ಪ್ಲಾಸ್ಟಿಕ್ ಸ್ಟೂಲು ಬಾಗಿಲ ಹತ್ತಿರ ಇರಲಿ. ದಾರಿಗೆ ಪುಳಿಯೋಗರೆ ಒಳ್ಳೆಯದು, ಹುಣಸೆ, ಎಣ್ಣೆ ಇರುವುದರಿಂದ ಸಂಜೆಯವರೆಗೆ ತಡೆಯುತ್ತದೆ, ಕಾಯಿತುರಿ ಮಾತ್ರ ಬೇಡ. ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ ಕಲಸಬೇಕು. ಬಿಸಿಯಲ್ಲೇ ಮುಚ್ಚಿದರೆ ಬೆವರಿ ಹಳಸುತ್ತದೆ. ಮೊಸರನ್ನಕ್ಕೆ ಹಾಲೇ ಹೆಚ್ಚು ಹಾಕಿ ಒಂದು ಚಮಚ ಮೊಸರು ಕಲಸಿದರೆ ಮಧ್ಯಾಹ್ನಕ್ಕೆ ಹದವಾಗಿರುತ್ತದೆ.

ಇಷ್ಟೆಲ್ಲ ಸರಿಹೋದರೂ ಪ್ರಯಾಣ ಕೆಡಿಸುವ ಒಂದು ಸಂಗತಿ ಇದೆ, ಅದನ್ನು ಯಾವ ಮನೆಯವರೂ ಪಟ್ಟಿಯಲ್ಲಿ ಬರೆಯುವುದಿಲ್ಲ. ನಮ್ಮ ಅಮ್ಮಂದಿರು ಪ್ರಯಾಣ ಅಂದರೆ ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಾರೆ. ದಾರಿಯಲ್ಲಿ ಎಲ್ಲಿ ಇಳಿಯುವುದು, ಗಾಡಿ ನಿಲ್ಲಿಸಿ ಅಂತ ಅಳಿಯನ ಎದುರು ಹೇಗೆ ಹೇಳುವುದು ಅನ್ನುವ ಸಂಕೋಚ. ಬಿಪಿಗೆ ನೀರು ಇಳಿಸುವ ಮಾತ್ರೆ ಇದ್ದರೆ ಅದನ್ನೂ ಆ ದಿನ ನುಂಗುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆಸುತ್ತು, ಮನೆಗೆ ಬಂದ ಮೇಲೆ ಉರಿಮೂತ್ರ, ಜ್ವರ. ಆಮೇಲೆ ನಾವು ‘ಬಿಸಿಲಿಗೆ ಹೀಗಾಯ್ತು’ ಅನ್ನುತ್ತೇವೆ. ಕೇಳದಿದ್ದರೂ ಒಂದೂವರೆ ಗಂಟೆಗೊಮ್ಮೆ ಗಾಡಿ ನಿಲ್ಲಿಸು. ‘ಯಾರಿಗಾದರೂ ಹೋಗಬೇಕಾ’ ಅಂತ ಕೇಳಿದರೆ ‘ಬೇಡ’ ಅಂತಲೇ ಉತ್ತರ ಬರುತ್ತದೆ, ಸುಮ್ಮನೆ ನಿಲ್ಲಿಸಿ ಟೀ ಕುಡಿಯೋಣ ಅನ್ನು. ಛತ್ರದಲ್ಲೂ ಲಾಡ್ಜಿನಲ್ಲೂ ನೆಲಮಹಡಿಯಲ್ಲಿ ಕಮೋಡ್ ಇದೆಯೇ ಅಂತ ನೀನೇ ನೋಡಿಕೊಂಡು ಬಾ, ಅಥವಾ ಫೋಟೋ ತರಿಸು.

ಇಲ್ಲಿಗೆ ನಿಲ್ಲಿಸಬೇಕು ಅಂತಿದ್ದೆ. ಆದರೆ ಎರಡು ದಿನಕ್ಕೆ ಏಳು ಊರು ಯಾಕೆ ಬಂದವು ಅಂತ ಯೋಚಿಸುತ್ತಿದ್ದೇನೆ. ಅಪ್ಪ ಕೇಳಿದ್ದಲ್ಲ, ನನಗೆ ಗೊತ್ತು. ಮುಂದಿನ ಬೇಸಿಗೆಗೆ ಇವರು ಹೀಗೇ ನಡೆದಾಡುತ್ತಿರುತ್ತಾರೋ ಇಲ್ಲವೋ ಅನ್ನುವ ಭಯ ನಮ್ಮೆಲ್ಲರಿಗೂ ಇದೆ. ಅದನ್ನು ಬಾಯಿಬಿಟ್ಟು ಹೇಳಲಾರದೆ ಊರುಗಳನ್ನು ತುಂಬಿಸುತ್ತೇವೆ. ಅವರಿಗೆ ಎಲ್ಲ ತೋರಿಸಿಬಿಡಬೇಕು, ಅದೂ ಈ ಸಲವೇ. ಆ ಅವಸರದಲ್ಲಿ ಅವರು ಸುಸ್ತಾಗುತ್ತಾರೆ, ನಾವು ರೇಗುತ್ತೇವೆ, ಹಬ್ಬ ಹಾಳಾಗುತ್ತದೆ. ನನ್ನ ಅಮ್ಮ ಈಗ ಎಲ್ಲಿಗೆ ಕರೆದರೂ ‘ನೀವು ಹೋಗಿ ಬನ್ನಿ, ಮನೆಗೆ ಒಬ್ಬರು ಬೇಡವಾ’ ಅನ್ನುತ್ತಾರೆ. ಮನಸ್ಸಿಲ್ಲದೆ ಹಾಗೆ ಅನ್ನುತ್ತಾರೋ, ನಮಗೆ ತೊಂದರೆ ಆಗದಿರಲಿ ಅಂತಲೋ ತಿಳಿಯುವುದಿಲ್ಲ. ಒಂದು ದಿನ ಕರೆಯುವುದನ್ನೇ ಬಿಟ್ಟುಬಿಡುತ್ತೇನೇನೋ ಅಂತ ರಾತ್ರಿ ನಿದ್ದೆ ಬರುವುದಿಲ್ಲ ಕಣೋ. ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ.

ಸಾಕು. ನಿನ್ನ ಪಟ್ಟಿಗೆ ಬರೋಣ. ಏಳರಲ್ಲಿ ಸಿಗಂದೂರು ಒಂದನ್ನು ಉಳಿಸು. ನಿಮ್ಮದು ಮುಳುಗಡೆಯ ಮನೆ, ಲಿಂಗನಮಕ್ಕಿ ತುಂಬಿದ ವರ್ಷ ಅಪ್ಪನಿಗೆ ಎಂಟು. ಹೊಳೆಬಾಗಿಲಲ್ಲಿ ಲಾಂಚಿಗೆ ಕಾದು ಕಾದು ಹಿನ್ನೀರು ದಾಟುತ್ತಿದ್ದ ಮನುಷ್ಯ. 2025ರ ಜುಲೈ 14ಕ್ಕೆ ಅಲ್ಲಿ ಸೇತುವೆ ತೆರೆಯಿತು, ಎರಡು ಕಿಲೋಮೀಟರಿಗೂ ಉದ್ದ, ಅದನ್ನು ಅವರಿನ್ನೂ ದಾಟಿಲ್ಲ. ಮೇನಲ್ಲಿ ಹಿನ್ನೀರು ಇಳಿದಿರುತ್ತದೆ, ಹಳೇ ಮರದ ಬೊಡ್ಡೆಗಳು ಎದ್ದಿರುತ್ತವೆ. ತೀರಾ ಇಳಿದ ವರ್ಷ ಮಡೇನೂರಿನಲ್ಲಿ ಹಿರೇಭಾಸ್ಕರದ ಹಳೇ ಅಣೆಕಟ್ಟೂ ಕಾಣುತ್ತದೆ. ಬೆಳಗ್ಗೆ ಏಳಕ್ಕೆ ಹೊರಟರೆ ಬಿಸಿಲೇರುವ ಮೊದಲು ದೇವಸ್ಥಾನ ಮುಗಿಯುತ್ತದೆ. ಆಮೇಲೆ ನೆರಳು ಹುಡುಕಿ ಕೂತು, ಊರು ಎಲ್ಲಿತ್ತು ಅಂತ ಅವರನ್ನೇ ಕೇಳಿ. ಮಧ್ಯಾಹ್ನ ಸಾಗರಕ್ಕೆ ವಾಪಸ್, ಊಟ, ನಿದ್ದೆ. ಮಂಗಳವಾರ ಖಾಲಿ ಇರಲಿ, ಅಪ್ಪನ ನೆಂಟರು ಬಂದು ಹರಟುತ್ತಾರೆ.

ಶಾಂತಿಯ ಊಟಕ್ಕೆ ಮಾವಿನಕಾಯಿಯ ಅಪ್ಪೆಹುಳಿ ಇರಲಿ, ತಲೆಗೆ ಒಂದು ಲೋಟದ ಲೆಕ್ಕ, ನಿನ್ನ ಭಾವನಿಗೆ ಮೂರು. ಅವನು ಘಾಟಿಯಲ್ಲಿ ಹಾಡುವ ಪ್ರಮೇಯವೇ ಈಗ ಇಲ್ಲ, ಅದೊಂದು ಲಾಭ. ಅಡುಗೆಯವರ ಹತ್ತಿರ ನಿಲ್ಲಲು ಒಬ್ಬರು ಬೇಕೇ ಬೇಕು, ನಾನು ಬರುತ್ತೇನೆ. ಅಮ್ಮನನ್ನೂ ಕೇಳುತ್ತೇನೆ. ಅವರ ಟಿಕೆಟ್ಟು ಬೇರೆಯಾಗಿ ನಾನೇ ಮಾಡುತ್ತೇನೆ, ನನ್ನ ಹೆಸರು ಸೇರಿಸಿದರೆ ಕೆಳಗಿನ ಬರ್ತಿನ ಕೋಟಾ ತಪ್ಪುತ್ತದೆ. ಹಾಗಾದರೆ ಹದಿನಾರು ಜನ ಆಗುತ್ತೇವೆ, ಚೀಲಕ್ಕೆ ಹಿಂದಿನ ಸಾಲು ಸಿಗುವುದಿಲ್ಲ. ಟಿಟಿಯವರಿಗೆ ಮೇಲೆ ಕ್ಯಾರಿಯರ್ ಇರುವ ಗಾಡಿಯೇ ಬೇಕು ಅಂತ ಹೇಳು, ಟಾರ್ಪಾಲು, ಹಗ್ಗ ಅವರದೇ. ಇವತ್ತೇ ಹೇಳಿಬಿಡು.

ನಿನ್ನ
ಗೆಳೆಯ